ಅಬ್ನರ್ ಮಾಮ ಕೊಟ್ಟ ಮಾತು

ನಮ್ಮ ಮೀನುಗಾರರ ಊರು ಟಿಬ್ಬೋಸ್ ಕೋವಿನಲ್ಲಿ ನಮಗೆ ಸ್ವಂತ ಪಾದ್ರಿ ಇರಲಿಲ್ಲ. ಆರು ವಾರಕ್ಕೊಮ್ಮೆ, ಅದೂ ಸಮುದ್ರ ದಾರಿ ಬಿಟ್ಟರೆ, ಪೋರ್ಟ್ ಹ್ಯಾರೋದಿಂದ ಲಿಡ್‌ಸ್ಟೋನ್ ಪಾದ್ರಿಗಳು ದೋಣಿಯಲ್ಲಿ ಬಂದು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಹೋಗುತ್ತಿದ್ದರು. ನಡುವಿನ ಐದು ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಓದುತ್ತಿದ್ದವನು ಅಬ್ನರ್ ಕೀಪಿಂಗ್. ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕರಾವಳಿಯಲ್ಲಿ ನಮಗಿಂತ ದೊಡ್ಡವರೆಲ್ಲ ನಮಗೆ ಮಾಮ, ಅತ್ತೆ. ರಕ್ತಸಂಬಂಧ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹಾಗಾಗಿ ನನಗೆ ಅವನು ಅಬ್ನರ್ ಮಾಮ.

ನಾನು ಲೀಯಾ. ಆ ಊರಿನಲ್ಲೇ ಹುಟ್ಟಿ, ಹದಿನೇಳಕ್ಕೆ ಹೊರಗೆ ಹೋಗಿ ಓದಿ, ಇಪ್ಪತ್ತಕ್ಕೆ ಅಲ್ಲಿಯದೇ ಶಾಲೆಗೆ ಟೀಚರಾಗಿ ಮರಳಿದವಳು. ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ಮಾಮ ಓದುವ ಮೇಜಿಗೂ ನನ್ನ ಸ್ಟೂಲಿಗೂ ಒಂದು ಮಾರು ದೂರವಷ್ಟೆ.

ಮಾಮನಿಗೆ ಅಕ್ಷರ ಬಂದದ್ದೇ ಇಪ್ಪತ್ತಾರನೆಯ ವಯಸ್ಸಿನಲ್ಲಿ. ಕಲಿಸಿದವಳು ಹೆಂಡತಿ ಡ್ರುಸಿಲ್ಲಾ. ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ಹರಡಿ, ಅದರಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿಸಿದಳಂತೆ. ಅರುವತ್ತು ಸಮೀಪಿಸಿದಾಗಲೂ ಅವನು ಸಾಲಿನ ಕೆಳಗೆ ತೋರುಬೆರಳು ಇಟ್ಟೇ ಓದುತ್ತಿದ್ದ. ಉದ್ದದ ಪದ ಬಂದರೆ ನಿಲ್ಲುತ್ತಿದ್ದ. ನೀರಿನ ಆಳ ನೋಡಿಕೊಂಡು ಮುಂದಕ್ಕೆ ಹೋಗುವವನ ಹಾಗೆ ಆ ಪದವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ಆಮೇಲೆ ಬಾಯಿ ಬಿಡುತ್ತಿದ್ದ. ಹೊರಗಿನವರು ಯಾರಾದರೂ ಬಂದಿದ್ದರೆ ಮುಸಿಮುಸಿ ನಗುವುದಿತ್ತು. ನಮ್ಮವರು ನಗುತ್ತಿರಲಿಲ್ಲ. ಗಡಿಬಿಡಿಯಲ್ಲಿ ಓದುವವರ ಬಾಯಲ್ಲಿ ಜಾರಿಹೋಗುವ ಮಾತುಗಳೆಲ್ಲ ಅವನ ಬಾಯಲ್ಲಿ ನಮಗೆ ಕೇಳಿಸುತ್ತಿದ್ದವು.

ವಾರದ ಉಳಿದ ದಿನ ಅವನು ಸ್ಕಿಪ್ಪರ್, ದೋಣಿಯ ಯಜಮಾನ. ಅವನ ಕೈಕೆಳಗೆ ಐದು ಜನರ ತಂಡ. ಅದರಲ್ಲಿ ನನ್ನಪ್ಪ ಸೆಲ್ಬಿಯೂ ಒಬ್ಬ; ಇಪ್ಪತ್ತು ವರ್ಷದಿಂದ ಮಾಮನ ಪಕ್ಕದ ಹುಟ್ಟು ಹಿಡಿಯುತ್ತಿದ್ದವನು ಗಾರ್ಲೆಂಡ್ ಪಾರ್ಡಿ. ಗಾರ್ಲೆಂಡ್ ಹೆಚ್ಚು ಮಾತಿನವನಲ್ಲ, ಆಡಿದರೆ ಕೊಂಕು. ಮಾಮ ಒಂದು ಮಾತು ಆಡುವುದಕ್ಕೆ ಮುಂಚೆ ತಾನು ಬಲೆ ಅರ್ಧ ಎಳೆದುಬಿಡುತ್ತೇನೆ ಎಂದು ಅವನು ಛೇಡಿಸುತ್ತಿದ್ದ.

ಒಂದು ಜುಲೈಯಲ್ಲಿ ನಡೆದದ್ದನ್ನು ಅಪ್ಪ ಆಗಾಗ ಹೇಳುತ್ತಿದ್ದ. ಹಿಂದಿನ ದಿನ ಹಾಕಿಬಂದಿದ್ದ ಬಲೆ ತುಂಬ ಮೀನಿದೆ ಎಂದು ಗೊತ್ತಿತ್ತು. ಕೊಲ್ಲಿಯ ಬಾಯಿ ದಾಟಿದ ಮೇಲೆ ಮಾಮ ಪಶ್ಚಿಮದ ಆಕಾಶ ನೋಡಿ, ಇವತ್ತು ಬೇಡ ಎಂದು ದೋಣಿ ತಿರುಗಿಸಿದ. ಯಾರೂ ಎದುರಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಮುದ್ರ ತಟ್ಟೆಯ ನೀರಿನಂತೆ ಇತ್ತು. ಬೇರೆ ದೋಣಿಗಳು ಅಂಚಿನವರೆಗೂ ಮೀನು ತುಂಬಿಕೊಂಡು ಬಂದವು. ಆ ಸಂಜೆ ಮಾಮ ತಂಡದ ಐದೂ ಮನೆಯ ಬಾಗಿಲಿಗೆ ಹೋಗಿ ಟೊಪ್ಪಿ ತೆಗೆದು, ಹೆಂಗಸರು ಮಕ್ಕಳ ಎದುರಿಗೇ, ಇವತ್ತು ತಪ್ಪಿದ್ದು ತಾನು, ಆಕಾಶವಲ್ಲ ಎಂದು ಹೇಳಿ ಬಂದನಂತೆ. ಗಾರ್ಲೆಂಡ್ ಊಟದ ತಟ್ಟೆಯಿಂದ ತಲೆ ಎತ್ತದೆ ಕೇಳಿದ್ದು ಇಷ್ಟೆ: ನಾಳೆ ಎಷ್ಟೊತ್ತಿಗೆ ಹೊರಡೋದು, ಸ್ಕಿಪ್ಪರ್?

ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನುವವನು ಬಾ ಅಂದರೆ ಕಣ್ಣು ಮುಚ್ಚಿ ದೋಣಿ ಹತ್ತಬಹುದು ಎನ್ನುತ್ತಿದ್ದ ಅಪ್ಪ.

ಮಾಮನಿಗೆ ಹ್ಯೂಬರ್ಟ್ ಎಂಬ ಒಬ್ಬನೇ ಮಗನಿದ್ದ. ಹತ್ತೊಂಬತ್ತು ವರ್ಷ. ಸಾವಿರದ ಒಂಬೈನೂರ ಅರುವತ್ತೊಂದರ ನವೆಂಬರಿನಲ್ಲಿ ಕಡಲಹಕ್ಕಿ ಹೊಡೆಯಲು ಸಣ್ಣ ದೋಣಿಯಲ್ಲಿ ಹೋದ. ದೋಣಿ ಮಾತ್ರ ದಡಕ್ಕೆ ಬಂತು. ಹುಡುಗ ಸಿಗಲೇ ಇಲ್ಲ. ಸುದ್ದಿ ಮುಟ್ಟಿದ್ದೇ ತಡ, ಲಿಡ್‌ಸ್ಟೋನ್ ಪಾದ್ರಿಗಳು ಹಿಮದ ಕಲ್ಲು ಬೀಳುತ್ತಿದ್ದ ಗಾಳಿಯಲ್ಲಿ ತೆರೆದ ದೋಣಿಯಲ್ಲಿ ಹೊರಟುಬಂದರು. ಅರ್ಧದಾರಿಯಲ್ಲಿ ಎಂಜಿನ್ ಕೈಕೊಟ್ಟು, ದೋಣಿಯವನ ಜೊತೆ ಅವರೂ ಹುಟ್ಟು ಹಾಕಿದ್ದರು. ಅಂಗೈಯ ಚರ್ಮ ಸುಲಿದುಹೋಗಿತ್ತು. ಮೂರು ದಿನ ಅವರು ಆ ಮನೆಯಲ್ಲಿದ್ದರು. ಉಪದೇಶ ಮಾಡಲಿಲ್ಲ. ಸೌದೆ ಒಡೆದರು, ಬಾವಿಯಿಂದ ನೀರು ತಂದರು, ಸುಮ್ಮನೆ ಕೂತರು. ಮೂರನೆಯ ದಿನ ಡ್ರುಸಿಲ್ಲಾ ಅತ್ತೆ ಒಂದು ಲೋಟ ಚಹಾ ಕುಡಿದ ಮೇಲೆ ಹೊರಟರು. ಇದನ್ನು ನಾನು ಮರೆಯದೆ ಹೇಳಬೇಕು. ಮುಂದೆ ಅವರು ಮಾಡಿದ್ದು ಏನೇ ಇರಲಿ, ಆ ಮೂರು ದಿನ ಸುಳ್ಳಲ್ಲ. ನಮ್ಮ ಕಷ್ಟವೆಲ್ಲ ಇದ್ದದ್ದೇ ಅಲ್ಲಿ.

ಅರುವತ್ತಾರರ ಕೊನೆಗೆ ಊರು ಖಾಲಿ ಮಾಡುವ ಮಾತು ಬಂತು. ಸರ್ಕಾರ ಕರಾವಳಿಯ ಸಣ್ಣ ಊರುಗಳನ್ನೆಲ್ಲ ದೊಡ್ಡ ಊರುಗಳಿಗೆ ಸೇರಿಸುತ್ತಿದ್ದ ಕಾಲ ಅದು. ನಮಗೆ ನರ್ಸ್ ಇರಲಿಲ್ಲ, ರಸ್ತೆ ಇರಲಿಲ್ಲ, ಕರೆಂಟು ಇರಲಿಲ್ಲ. ನನ್ನ ಶಾಲೆಯಲ್ಲಿ ಹದಿನೆಂಟು ಮಕ್ಕಳು. ಇರುವುದು ಇಪ್ಪತ್ತಾರು ಮನೆ. ಅದರಲ್ಲಿ ಇಪ್ಪತ್ತೊಂದು ಮನೆಯವರು ಒಪ್ಪಿ ಸಹಿ ಹಾಕಿದರೆ ಊರಿಗೆ ಊರೇ ಎದ್ದು ಪೋರ್ಟ್ ಹ್ಯಾರೋಗೆ ಹೋಗಬೇಕು. ಆ ಚಳಿಗಾಲವೆಲ್ಲ ಜಗಳ. ಅಣ್ಣತಮ್ಮಂದಿರು ಮಾತು ಬಿಟ್ಟರು. ಮಾಮ ಎರಡೂ ಕಡೆಯವರ ಮಾತು ಕೇಳುತ್ತಿದ್ದ, ತನ್ನದನ್ನು ಹೇಳುತ್ತಿರಲಿಲ್ಲ.

ಅರುವತ್ತೇಳರ ಫೆಬ್ರವರಿಯ ಮೊದಲ ವಾರ ಪಾದ್ರಿಗಳು ಬಂದರು. ಭಾನುವಾರಕ್ಕೆ ಹಾಡು ಆರಿಸಿಕೊಳ್ಳಲು ನಾನು ಮಾಮನ ಮನೆಗೆ ಹೋಗಿದ್ದೆ. ಆದ್ದರಿಂದ ಆ ಮಾತುಕತೆಯನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೇನೆ.

"ನಿಮ್ಮ ಜನ ನನ್ನ ಮಾತು ಕೇಳಲ್ಲ ಅಬ್ನರ್. ನಿಮ್ಮ ಮಾತು ಕೇಳ್ತಾರೆ," ಎಂದರು ಪಾದ್ರಿಗಳು. "ಇನ್ನೊಂದು ಮಗು ಡಾಕ್ಟರಿಲ್ಲದೆ ಸಾಯೋದನ್ನ ನಾನು ನೋಡಲಾರೆ."

ಮಾಮ ಕೇಳಿದ: "ಅಲ್ಲಿ ಎಲ್ರಿಗೂ ಒಂದೇ ಕಡೆ ಜಾಗ ಸಿಗುತ್ತಾ?"

"ಸಿಗುತ್ತೆ. ಬಂದರಿನ ಪೂರ್ವದ ದಡ ಪೂರ್ತಿ ನಿಮಗೇ. ಇಪ್ಪತ್ತಾರು ಮನೆಗೂ."

"ನಮ್ಮ ಚರ್ಚು?"

"ಹಲಗೆ ಹಲಗೆ ಬಿಚ್ಚಿ ತಂದು ಅಲ್ಲೇ ಕಟ್ಟೋದು. ನೀವೇ ಓದ್ತೀರಿ."

"ಗೋರಿಗಳನ್ನ ಯಾರು ನೋಡ್ಕೋತಾರೆ?"

"ವರ್ಷಾವರ್ಷ ಬೇಸಿಗೇಲಿ ನಾನೇ ನಿಮ್ಮ ಜೊತೆ ಬರ್ತೀನಿ."

"ಜಾಗದ ನಕ್ಷೆ ನೀವು ಕಣ್ಣಾರೆ ನೋಡಿದ್ದೀರಾ ಪಾದ್ರಿಗಳೇ?"

"ಕಣ್ಣಾರೆ."

ಡ್ರುಸಿಲ್ಲಾ ಅತ್ತೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ತಿರುಗದೆಯೇ ಹೇಳಿದಳು: "ಹಂಗಾದ್ರೆ ಆ ನಕ್ಷೆ ಇಲ್ಲಿಗೇ ತರಬಹುದಲ್ಲ. ಕಾಗದ ಏನು ದೋಣಿಗೆ ಭಾರವಾಗಲ್ಲ."

ಪಾದ್ರಿಗಳು ನಕ್ಕು, ಮುಂದಿನ ಸಲ ತರುತ್ತೇನೆ ಎಂದರು. ಮುಂದಿನ ಸಲ ತರಲಿಲ್ಲ. ಅದು ಯಾವುದೋ ಆಫೀಸಿನಲ್ಲಿದೆ ಎಂದರು. ಅತ್ತೆ ಮತ್ತೆ ಬಾಯಿ ತೆರೆದಾಗ ಮಾಮನಿಗೆ ನಾಚಿಕೆಯಾಯಿತು. ಅವನು ಅವಳ ಮೇಲೆ ದನಿ ಏರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹ್ಯೂಬರ್ಟ್ ಹೋದಾಗ ಈ ಮನೆಗೆ ಸೌದೆ ಒಡೆದು ಹಾಕಿದವರ ಹತ್ತಿರ ಕಾಗದ ಕೇಳುತ್ತೀಯಾ ಎಂದ. ಅತ್ತೆ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ಒಳಗೆ ಹೋದಳು.

ಏಪ್ರಿಲಿನ ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಾಮ ಪುಸ್ತಕ ಮುಚ್ಚಿ ಅಲ್ಲೇ ನಿಂತ. ಜನ ಎದ್ದವರು ಮತ್ತೆ ಕೂತರು. ತಾನು ಕೇಳಬೇಕಾದ್ದನ್ನೆಲ್ಲ ಕೇಳಿದ್ದೇನೆ, ಎಲ್ಲರೂ ಒಟ್ಟಿಗೆ ಇರುತ್ತೇವೆ, ಈ ಚರ್ಚೂ ನಮ್ಮ ಜೊತೆ ಬರುತ್ತದೆ, ತಾನು ಸಹಿ ಹಾಕುತ್ತೇನೆ ಎಂದ. ಇದು ಯಾರು ಕೊಟ್ಟ ಮಾತು ಎಂದು ಗಾರ್ಲೆಂಡ್ ಹಿಂದಿನ ಬೆಂಚಿನಿಂದ ಕೇಳಿದ. ಮಾಮ ಹೇಳಿದ: "ನನ್ನ ಮಾತು."

ಅಲ್ಲಿ ಅವನು ಪಾದ್ರಿಗಳ ಮಾತು ಎನ್ನಬಹುದಿತ್ತು. ಎಷ್ಟೋ ವರ್ಷ ಆದ ಮೇಲೆ ನಾನು ಅದನ್ನೇ ಕೇಳಿದೆ. ಹಾಗೆ ಅಂದಿದ್ದರೆ ಪಾದ್ರಿಗಳ ಮೇಲೆ ತನಗೇ ನಂಬಿಕೆ ಇಲ್ಲ ಅಂದ ಹಾಗೆ ಆಗುತ್ತಿತ್ತು ಎಂದ.

ಎರಡು ವಾರದಲ್ಲಿ ಇಪ್ಪತ್ತು ಸಹಿ ಬಿದ್ದವು. ಗಾರ್ಲೆಂಡನೂ ಹಾಕಿದ, ನನ್ನಪ್ಪನೂ ಹಾಕಿದ. ಇಪ್ಪತ್ತೊಂದನೆಯದು ಟ್ರಿಫೀನಾ ಅತ್ತೆಯದು. ಎಂಬತ್ತೊಂದರ ವಿಧವೆ, ಗಂಡನ ಗೋರಿ ಕಾಣುವ ಹಾಗೆ ಕಿಟಕಿ ಇಡಿಸಿಕೊಂಡಿದ್ದವಳು. ಸಹಿ ಬರದು. ಕಾಗದದ ಮೇಲೆ ಗುರುತು ಹಾಕಿಸಲು ಮಾಮ ನನ್ನನ್ನು ಸಾಕ್ಷಿಗೆ ಕರೆದುಕೊಂಡು ಹೋಗಿದ್ದ.

"ನಿನ್ನ ಮಾತಿನ ಮೇಲೆ ಹಾಕ್ತಿದ್ದೀನಿ ಕಣೋ ಅಬ್ನರ್," ಎಂದಳು ಅವಳು ಪೆನ್ನು ಹಿಡಿದು. "ಆ ಬಿಳಿ ಕಾಲರಿನವನ ಮಾತಿನ ಮೇಲಲ್ಲ. ಅವನು ಚೆನ್ನಾಗೇ ಮಾತಾಡ್ತಾನೆ. ಅದಕ್ಕೇ."

ಮಾಮ ತಲೆ ಆಡಿಸಿದ. ಅವಳು ಒಂದು ಶಿಲುಬೆಯ ಗುರುತು ಹಾಕಿದಳು.

ಆಗಸ್ಟಿನಲ್ಲಿ ಮನೆಗಳನ್ನು ಸಾಗಿಸಿದೆವು. ನಮ್ಮಲ್ಲಿ ಮನೆ ಬಿಟ್ಟು ಹೋಗುವುದಿಲ್ಲ, ಮನೆಯನ್ನೇ ಒಯ್ಯುತ್ತಾರೆ. ಮರದ ದಿಮ್ಮಿಗಳ ಮೇಲೆ ಉರುಳಿಸಿ, ಐವತ್ತು ಜನ ಹಗ್ಗ ಹಿಡಿದು ಹಾಡುತ್ತ ದಡಕ್ಕೆ ಎಳೆದು, ಸುತ್ತ ಖಾಲಿ ಪೀಪಾಯಿ ಕಟ್ಟಿ, ಭರತದ ನೀರಿಗೆ ತೇಲಿಬಿಟ್ಟು, ದೋಣಿಗಳಿಂದ ಎಳೆದುಕೊಂಡು ಹೋಗುವುದು. ಡ್ರುಸಿಲ್ಲಾ ಅತ್ತೆ ಕಪಾಟಿನ ಪಿಂಗಾಣಿಯನ್ನು ಕೂಡ ಇಳಿಸಲಿಲ್ಲ. ಒಂದು ಬಟ್ಟಲೂ ಒಡೆಯಲಿಲ್ಲ. ನಮ್ಮದೂ ಸುರಕ್ಷಿತವಾಗಿ ಮುಟ್ಟಿತು. ಗಾರ್ಲೆಂಡನ ಮನೆ ಕೊಲ್ಲಿಯ ಬಾಯಿ ದಾಟಿ ಎರಡು ಮೈಲಿ ಹೋದ ಮೇಲೆ ಅಡ್ಡ ಅಲೆಗೆ ಸಿಕ್ಕಿ ಒಂದು ಮೂಲೆ ಒಡೆಯಿತು. ಮೊದಲು ವಾಲಿತು, ಆಮೇಲೆ ಒಂದೊಂದೇ ಕಿಟಕಿ ನೀರಿಗಿಳಿಯಿತು. ಹಗ್ಗ ಕಡಿಯದಿದ್ದರೆ ದೋಣಿಯೂ ಹೋಗುತ್ತಿತ್ತು. ಹಗ್ಗ ಕಡಿದವನು ಗಾರ್ಲೆಂಡನೇ. ಅವನ ಹೆಂಡತಿ ಮುಖ ತಿರುಗಿಸಿ ಮುಂದಕ್ಕೆ ನೋಡುತ್ತ ಕೂತಳು. ಅದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ಆದರೆ ಅವನು ಆ ಮನೆಯನ್ನು ನೀರಿಗಿಳಿಸಿದ್ದು ಒಂದು ಮಾತನ್ನು ನಂಬಿ.

ಪೋರ್ಟ್ ಹ್ಯಾರೋದ ಪೂರ್ವದ ದಡದಲ್ಲಿ ಮೀನಿನ ಕಾರ್ಖಾನೆಯವರ ಹೊಸ ಉಗ್ರಾಣ ಅರ್ಧ ಎದ್ದಿತ್ತು.

ನಮ್ಮಲ್ಲಿ ಹನ್ನೆರಡು ಮನೆಗೆ ಕಾರ್ಖಾನೆಯ ಹಿಂದಿನ ಜೌಗಿನಲ್ಲಿ ಜಾಗ ಕೊಟ್ಟರು. ಆರು ಮನೆ ಗುಡ್ಡದ ಮೇಲೆ, ದೋಣಿ ಕಟ್ಟಲು ತಾವೇ ಇಲ್ಲದ ಕಡೆ. ಉಳಿದ ಎಂಟು ಕುಟುಂಬಕ್ಕೆ ಇಲ್ಲಿ ಜಾಗವಿಲ್ಲ, ಐವತ್ತು ಮೈಲಿಯಾಚೆ ಇನ್ನೊಂದು ಊರಿಗೆ ಹೋಗಿ ಎಂದರು. ಪಾದ್ರಿಗಳು ಇದು ತಾತ್ಕಾಲಿಕ, ಸ್ವಲ್ಪ ತಾಳ್ಮೆ ಇರಲಿ ಎಂದರು. ಚರ್ಚನ್ನು ಬಿಚ್ಚಲು ವಸಂತ ಬರಲಿ ಎಂದರು. ಸೆಪ್ಟೆಂಬರಿನಿಂದ ಕ್ರಿಸ್‌ಮಸ್‌ವರೆಗೆ ಮಾಮ ಜೌಗಿನ ಹಲಗೆದಾರಿಯಲ್ಲಿ ಮನೆಯಿಂದ ಮನೆಗೆ ನಡೆದು ಅದೇ ಮಾತನ್ನು ಹೇಳಿದ: ಪಾದ್ರಿಗಳು ನೋಡ್ತಾ ಇದ್ದಾರೆ, ತಾಳಿ. ಕೆಲವರು ಅಷ್ಟು ಹೊತ್ತಿಗೆ ಅವನನ್ನು ಕಂಡರೆ ಬೇಕೆಂದೇ ಕೆಮ್ಮಲು ಶುರುಮಾಡಿದ್ದರು. ಪೋರ್ಟ್ ಹ್ಯಾರೋದ ಹಳಬರು ನಮಗೆ ಜೌಗಿನವರು ಎಂದು ಹೆಸರಿಟ್ಟರು. ಅಂಗಡಿಯಲ್ಲಿ ನಮ್ಮ ಹೆಂಗಸರ ಕಾಲಿನ ಕೆಸರು ನೋಡಿ, "ನೀವು ಹೊರಗೇ ನಿಂತ್ಕೊಳಮ್ಮ, ಸಾಮಾನು ಅಲ್ಲಿಗೇ ತಂದುಕೊಡ್ತೀವಿ" ಅನ್ನುತ್ತಿದ್ದರು.

ನಾನು ಅಲ್ಲಿನ ಶಾಲೆಗೆ ಸೇರಿದ್ದೆ. ಜನವರಿಯಲ್ಲಿ ಚರ್ಚಿನ ಕಮಿಟಿಯ ಕಾರ್ಯದರ್ಶಿ, ನನಗೆ ಟೈಪಿಂಗ್ ಬರುತ್ತದೆಂದು, ಹಿಂದಿನ ವರ್ಷದ ಸಭೆಗಳ ನಡಾವಳಿಯನ್ನು ಟೈಪ್ ಮಾಡಿಕೊಡಲು ಹೇಳಿದ. ಕೈಬರಹ ಲಿಡ್‌ಸ್ಟೋನ್ ಪಾದ್ರಿಗಳದೇ. ಹಿಂದಿನ ಜನವರಿ ಹನ್ನೆರಡರ ಸಭೆ. ಅವರು ಮಾಮನ ಅಡುಗೆಮನೆಗೆ ಬಂದದ್ದಕ್ಕೆ ಮೂರು ವಾರ ಮುಂಚೆ. ಪೂರ್ವದ ದಡ ಕಾರ್ಖಾನೆಗೆ ಹೋಗಿದೆ ಎಂದು ಅದರಲ್ಲಿತ್ತು. ಟಿಬ್ಬೋಸ್ ಕೋವಿನ ಚರ್ಚನ್ನು ತರುವುದು ಬೇಡ, ಗಂಟೆ ಮತ್ತು ಪಾತ್ರೆಗಳನ್ನು ತಂದರೆ ಸಾಕು ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ಈ ವಿಷಯ ಈಗ ಅವರಿಗೆ ತಿಳಿಸುವ ಅಗತ್ಯವಿಲ್ಲ, ಶ್ರೀ ಕೀಪಿಂಗ್ ತಮ್ಮ ಜನರನ್ನು ಕರೆತರುವರು.

ಆ ಪುಟವನ್ನು ಎರಡು ಪ್ರತಿ ಟೈಪ್ ಮಾಡಿ, ಒಂದನ್ನು ಕೋಟಿನೊಳಗೆ ಇಟ್ಟುಕೊಂಡೆ. ಮೂರು ದಿನ ಅದನ್ನು ಯಾರಿಗೂ ತೋರಿಸಲಿಲ್ಲ. ಗೊತ್ತಾಗದಿದ್ದರೆ ಮಾಮ ನೆಮ್ಮದಿಯಿಂದ ಇರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹೊಳೆಯಿತು, ನಾನೂ ಪಾದ್ರಿಗಳ ಹಾಗೇ ಯೋಚಿಸುತ್ತಿದ್ದೇನೆ ಎಂದು. ನಾಲ್ಕನೆಯ ದಿನ ಶಾಲೆ ಬಿಟ್ಟೊಡನೆ ಹೋದೆ.

ಓದಿ ಹೇಳುತ್ತೇನೆ ಎಂದರೆ ಅವನು ಬಿಡಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹಾಸಿ, ಬೆರಳಿಟ್ಟು, ಒಂದೊಂದೇ ಪದವಾಗಿ ತಾನೇ ಓದಿದ. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ತನ್ನ ಹೆಸರಿನ ಹತ್ತಿರ ಬೆರಳು ನಿಂತಿತು. ಡ್ರುಸಿಲ್ಲಾ ಅತ್ತೆ ಅವನ ಹಿಂದೆ ನಿಂತು ಓದಿಕೊಂಡಿದ್ದಳು. ನಾನು ಆಗಲೇ ಹೇಳಿದ್ದೆ ಎಂದು ಅವಳು ಅನ್ನಲಿಲ್ಲ. ಸಾಯುವವರೆಗೂ ಅನ್ನಲಿಲ್ಲ.

"ನಾಳೆ ನನ್ನ ಜೊತೆ ಬಾ ಮಗಳೇ," ಎಂದ ಮಾಮ. "ನಾನು ಕೇಳಿಸ್ಕೊಂಡಿದ್ದು ತಪ್ಪು ಅಂತ ಆಮೇಲೆ ಯಾರೂ ಹೇಳ್ಬಾರ್ದು."

ಪಾದ್ರಿಗಳ ಮನೆಯಲ್ಲಿ ನಮ್ಮನ್ನು ಕೂರಿಸಿದರು. ಮಾಮ ಕಾಗದವನ್ನು ಅವರ ಮುಂದೆ ಇಟ್ಟ. ಅವರು ಸುಳ್ಳೆನ್ನಲಿಲ್ಲ. ಅದು ಅವರ ಒಳ್ಳೆಯತನವೋ ಧೈರ್ಯವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ನಿಜ ಹೇಳಿದ್ರೆ ಅವರು ಬರ್ತಿದ್ರಾ?" ಎಂದರು. "ನೀವೇ ಹೇಳಿ. ಈ ಚಳಿಗಾಲ ನಿಮ್ಮ ಮಕ್ಕಳಲ್ಲಿ ನಾಲ್ಕು ಜನರನ್ನ ಡಾಕ್ಟರು ನೋಡಿದ್ದಾರೆ. ಜನರನ್ನ ನಡೆಸೋ ಜವಾಬ್ದಾರಿ ನಿಮಗೂ ಗೊತ್ತು ಅಬ್ನರ್. ಕೆಲವು ಸಲ ಅವರ ಒಳ್ಳೇದಕ್ಕೇ ಎಲ್ಲಾ ಹೇಳಕ್ಕಾಗಲ್ಲ."

"ಅದು ಇರಬಹುದು," ಎಂದ ಮಾಮ. "ಸುಳ್ಳು ಹೇಳ್ಲೇಬೇಕು ಅಂತಿದ್ರೆ ನಿಮ್ಮ ಬಾಯಲ್ಲೇ ಹೇಳ್ಬೇಕಿತ್ತು. ನನ್ನ ಬಾಯಿ ಯಾಕೆ ತಗೊಂಡ್ರಿ?"

ಪಾದ್ರಿಗಳು ಏನೋ ಹೇಳಲು ಹೋದರು. ಮಾಮ ಮುಂದುವರಿಸಿದ: "ನನ್ನ ಮಗ ಸತ್ತಾಗ ಬಂದ್ರಲ್ಲ. ಅವತ್ತಿಂದ ನೀವು ಏನು ಹೇಳಿದ್ರೂ ನಾನು ಎರಡನೇ ಸಲ ಕೇಳ್ತಿರಲಿಲ್ಲ. ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ರಿ."

ಮಾಮ ಟೊಪ್ಪಿ ಹಾಕಿಕೊಂಡು ಎದ್ದ.

ಆಮೇಲೆ ಅವನು ಮಾಡಿದ್ದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮರುದಿನದಿಂದ ಇಪ್ಪತ್ತೈದು ಮನೆಗೂ ಹೋಗಲು ಶುರು ಮಾಡಿದ. ಬಾಗಿಲಲ್ಲಿ ಟೊಪ್ಪಿ ತೆಗೆದು, ನಾನು ಕೊಟ್ಟ ಮಾತು ಸುಳ್ಳಾಯಿತು, ನೋಡದೇ ಇದ್ದದ್ದನ್ನು ನೋಡಿದವನ ಹಾಗೆ ಹೇಳಿದೆ, ತಪ್ಪು ನನ್ನದು ಎಂದು ಹೇಳುವುದು. ನಿನಗೂ ಮೋಸವಾಯಿತಲ್ಲ, ಪಾದ್ರಿಯ ಹೆಸರು ಹೇಳು ಎಂದು ನಾನು ಜಗಳ ಮಾಡಿದೆ. ಅವನು ಕೇಳಿದವರಿಗೆ ಕಾಗದ ತೋರಿಸುತ್ತಿದ್ದ, ಆದರೆ ತನ್ನ ಮಾತನ್ನು ಅದರ ಹಿಂದೆ ಅಡಗಿಸಲಿಲ್ಲ. ಐವತ್ತು ಮೈಲಿಯಾಚೆ ಹೋದ ಎಂಟು ಕುಟುಂಬಗಳನ್ನು ಹುಡುಕಿಕೊಂಡು ಮಾರ್ಚಿನಲ್ಲಿ ಅಂಚೆ ದೋಣಿ ಹತ್ತಿ ಹೋದ. ವಾಪಸು ಬಂದಾಗ ಇಳಿದುಹೋಗಿದ್ದ.

ನನ್ನಪ್ಪ ಒಳಗೆ ಕರೆದು ಕೂರಿಸಿದ. ಕೆಲವರು ಅತ್ತರು. ಒಬ್ಬಳು ಬಾಗಿಲು ತೆಗೆಯಲಿಲ್ಲ. ಇನ್ನೊಬ್ಬ, ಈಗ ಹೇಳಿ ಏನು ಪ್ರಯೋಜನ, ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ನನ್ನ ಮನೆಗೆ ಬಂದೆಯಾ ಎಂದ. ಆ ಮಾತು ಮಾಮನನ್ನು ಬಹಳ ದಿನ ಕಾಡಿತು. ಹೌದೇನೋ ಎನ್ನುತ್ತಿದ್ದ.

ಗಾರ್ಲೆಂಡ್ ಆಗ ಹೆಂಡತಿಯ ತವರುಮನೆಯ ಹಿಂದಿನ ಕೋಣೆಯಲ್ಲಿ ಸಂಸಾರ ಇಟ್ಟುಕೊಂಡು, ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸಕ್ಕೆ ಹೋಗುತ್ತಿದ್ದ. ಮಾಮ ಹೇಳಿ ಮುಗಿಸುವ ತನಕ ಕೇಳಿಸಿಕೊಂಡು, ಒಂದು ಮಾತೂ ಆಡದೆ ಬಾಗಿಲು ಹಾಕಿದ. ಅಲ್ಲಿಂದ ಮುಂದೆ ದಾರಿಯಲ್ಲಿ ಎದುರಾದರೂ ಮಾತಿಲ್ಲ. ಇಪ್ಪತ್ತು ವರ್ಷ ಒಂದೇ ಹಲಗೆಯ ಮೇಲೆ ಕೂತವರು.

ಟ್ರಿಫೀನಾ ಅತ್ತೆಯ ಮನೆಗೆ ನಾನೂ ಹೋಗಿದ್ದೆ. ಅವಳ ಕಿಟಕಿಗೆ ಈಗ ಕಾಣುತ್ತಿದ್ದದ್ದು ಕಾರ್ಖಾನೆಯ ತಗಡಿನ ಗೋಡೆ. ಮಾಮ ಹೇಳಿದ್ದನ್ನೆಲ್ಲ ಕೇಳಿ ಅವಳು ಎಂದಳು: "ನೀನು ತಂದಿರೋದು ಕ್ಷಮಾಪಣೆ. ನಂಗೆ ಅದು ಬೇಡ ಕಣೋ. ನಂಗೆ ನನ್ನ ಮುದುಕನ ಪಕ್ಕ ಮಲಗಬೇಕು. ಅದನ್ನಾದ್ರೂ ಮಾಡ್ತೀಯಾ?"

ಮಾಮ ತಕ್ಷಣ ಆಗಲಿ ಎನ್ನಲಿಲ್ಲ. ಸಮುದ್ರ ದಾರಿ ಬಿಟ್ಟರೆ ಮಾಡುತ್ತೇನೆ ಎಂದ. ಅವಳು, ಹಾಂ, ಈಗ ಸರಿಯಾಗಿ ಮಾತಾಡಿದೆ ಎಂದಳು.

ಅವಳು ತೀರಿಹೋದದ್ದು ಅರುವತ್ತೊಂಬತ್ತರ ಜೂನಿನಲ್ಲಿ. ಸಮುದ್ರ ದಾರಿ ಬಿಟ್ಟಿತು. ಅಪ್ಪ ಮತ್ತು ಇನ್ನು ಮೂವರು ಶವಪೆಟ್ಟಿಗೆಯನ್ನು ದೋಣಿಗೆ ಇಳಿಸಿದರು. ಪಾದ್ರಿಗಳಿಗೆ ಹೇಳಿ ಕಳಿಸಲಿಲ್ಲ. ಗೋರಿಗಳನ್ನು ನೋಡಲು ಬೇಸಿಗೆಗೆ ಬರುತ್ತೇನೆ ಎಂದವರು ಎರಡನೆಯ ಬೇಸಿಗೆ ಹುಟ್ಟಿದರೂ ಒಮ್ಮೆಯೂ ಬಂದಿರಲಿಲ್ಲ. ಟಿಬ್ಬೋಸ್ ಕೋವಿನಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಚರ್ಚಿನ ಕಿಟಕಿ ಗಾಜುಗಳನ್ನು ಯಾರೋ ಒಡೆದಿದ್ದರು, ಗಂಟೆ ಇದ್ದ ಕಡೆ ತೂತು. ಮಾಮ ಹೊರಗೆ ನಿಂತೇ ಮಣ್ಣುಮಾಡುವ ಪ್ರಾರ್ಥನೆ ಓದಿದ. ನುಡಿಸಲು ಏನೂ ಇರಲಿಲ್ಲ. ನಾನು ಬರಿದೇ ಹಾಡಿದೆ.

ಹಿಂದಿರುಗುವಾಗ ಅವನ ಪಕ್ಕದಲ್ಲಿ ಕೂತು, ದೇವರ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. ನನಗೆ ಬರುತ್ತಿತ್ತು. ಅವನು ಚುಕ್ಕಾಣಿಯನ್ನು ಅಲೆಗೆ ಸರಿಯಾಗಿ ತಿರುಗಿಸಿದ.

"ದೇವರು ನಂಗೆ ಪೂರ್ವದ ದಡ ಕೊಡ್ತೀನಿ ಅಂದಿರಲಿಲ್ವಲ್ಲ," ಎಂದ. "ಅವನ ಹೆಸರಲ್ಲಿ ಬಂದವರು ಅಂದ್ರು. ನಾನು ಇಬ್ಬರನ್ನೂ ಒಂದೇ ಅಂದ್ಕೊಂಡೆ. ಅದು ನನ್ನ ದಡ್ಡತನ."

ಪೋರ್ಟ್ ಹ್ಯಾರೋದ ಚರ್ಚಿಗೆ ಅವನು ಪ್ರತಿ ಭಾನುವಾರ ಹೋಗುತ್ತಿದ್ದ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಪ್ರಭುಭೋಜನಕ್ಕೆ ಎಲ್ಲರೂ ಎದ್ದು ಮುಂದೆ ಹೋದಾಗ ಅವನು ಏಳುತ್ತಿರಲಿಲ್ಲ. ಆ ಕೈಯಿಂದ ಆ ರೊಟ್ಟಿ ತೆಗೆದುಕೊಳ್ಳಲಾರೆ, ಆದರೆ ರೊಟ್ಟಿಯ ಮೇಲೆ ದ್ವೇಷವಿಲ್ಲ ಎಂದು ಡ್ರುಸಿಲ್ಲಾ ಅತ್ತೆಯ ಹತ್ತಿರ ಹೇಳಿದ್ದನಂತೆ. ಓದಲು ಅವನನ್ನು ಯಾರೂ ಕರೆಯಲಿಲ್ಲ. ಅಲ್ಲಿ ಚೆನ್ನಾಗಿ ಓದುವವರು ಬೇಕಾದಷ್ಟು ಜನ ಇದ್ದರು. ನನ್ನನ್ನೂ ಹಾರ್ಮೋನಿಯಂ ಮುಟ್ಟಗೊಡಲಿಲ್ಲ. ನಡಾವಳಿಯ ಪುಟ ಹೊರಗೆ ಹೋದದ್ದು ನನ್ನಿಂದ ಎಂದು ಎಲ್ಲರಿಗೂ ಗೊತ್ತಾಗಿತ್ತು.

ಮಾರನೆಯ ವರ್ಷ ಜೌಗಿನವರಿಗೆ ಕುಡಿಯುವ ನೀರು ಕೆಟ್ಟಿತು. ಊರ ಸಭೆಗೆ ಹೋಗಿ ಮಾತಾಡಲು ಒಬ್ಬರು ಬೇಕಾಯಿತು. ಬೈದವರೇ, ಬಾಗಿಲು ತೆಗೆಯದವಳೂ ಸೇರಿ, ಮಾಮನ ಮನೆಗೆ ಬಂದರು. ಅವನು ಒಪ್ಪಲಿಲ್ಲ. ನೀವು ಯಾರನ್ನಾದರೂ ಆರಿಸಿ, ನಾನು ಅವರ ಹಿಂದೆ ನಿಲ್ಲುತ್ತೇನೆ, ಬಾವಿ ತೋಡುವುದಿದ್ದರೆ ಗುದ್ದಲಿ ಹಿಡಿಯುತ್ತೇನೆ ಎಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನನ್ನ ಅಪ್ಪ ಹೋದ. ಅಪ್ಪನಿಗೆ ಮಾತು ಬರದು. ಸಭೆಯಲ್ಲಿ ತಡವರಿಸಿದ, ನಮ್ಮ ಕೆಲಸ ಎರಡು ವರ್ಷ ತಡವಾಯಿತು. ಮಾಮ ಎದ್ದು ನಿಂತಿದ್ದರೆ ಹಾಗಾಗುತ್ತಿರಲಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಆ ವಿಷಯದಲ್ಲಿ ಅವನು ಮಾಡಿದ್ದು ಸರಿ ಎಂದು ನಾನು ಒಪ್ಪಲಾರೆ. ಒಂದು ಸಲ ಕೈ ಸುಟ್ಟುಕೊಂಡವನು ಒಲೆಯನ್ನೇ ಬಿಟ್ಟ. ಚಳಿಯಲ್ಲಿ ನಡುಗಿದವರು ಉಳಿದವರು.

ಎಪ್ಪತ್ತೆರಡರಲ್ಲಿ ಲಿಡ್‌ಸ್ಟೋನ್ ಪಾದ್ರಿಗಳಿಗೆ ನಗರದ ದೊಡ್ಡ ಚರ್ಚಿಗೆ ವರ್ಗವಾಯಿತು. ಬೀಳ್ಕೊಡುಗೆಯ ಊಟಕ್ಕೆ ಊರೆಲ್ಲ ಸೇರಿತ್ತು. ಚಿಕ್ಕ ಊರುಗಳ ಬಡಜನರನ್ನು ಬೆಳಕಿಗೆ ತಂದವರು ಎಂದು ಹೊಗಳಿದರು. ಅವರು ಉತ್ತರವಾಗಿ ಮಾತಾಡುತ್ತ, ತಮ್ಮ ಸೇವೆಯಲ್ಲಿ ಹೆಗಲು ಕೊಟ್ಟವರಲ್ಲಿ ಮೊದಲನೆಯವರು ಅಬ್ನರ್ ಕೀಪಿಂಗ್ ಎಂದರು. ಜನ ಚಪ್ಪಾಳೆ ತಟ್ಟಿದರು. ನಮ್ಮ ಬೆಂಚುಗಳಲ್ಲಿ ಯಾರೂ ತಟ್ಟಲಿಲ್ಲ. ಎಲ್ಲರೂ ಮಾಮನ ಕಡೆ ನೋಡಿದರು. ಅವನು ತಟ್ಟೆಯಲ್ಲಿದ್ದ ಉಪ್ಪುಮೀನು, ಆಲೂಗಡ್ಡೆಯನ್ನು ಚೂರು ಚೂರು ಮಾಡುತ್ತ ಕೂತಿದ್ದ. ತಿನ್ನಲಿಲ್ಲ, ಏಳಲೂ ಇಲ್ಲ. ಹೊರಡುವಾಗ ಪಾದ್ರಿಗಳು ಕೈ ಚಾಚಿಕೊಂಡು ಅವನ ಹತ್ತಿರ ಬಂದರು. ಅವನು ಕೈ ಕುಲುಕಿದ. ನನಗೆ ಅದು ಹಿಡಿಸಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಜಗಳ ತೆಗೆದೆ. ಚಾಚಿದ ಕೈಯನ್ನು ಹಾಗೇ ಬಿಡಲು ತನಗೆ ಬರುವುದಿಲ್ಲ, ಅಷ್ಟೇ, ಅದರಲ್ಲಿ ಹೆಚ್ಚೇನೂ ಹುಡುಕಬೇಡ ಎಂದ.

ಎಪ್ಪತ್ತೆಂಟರ ಮಾರ್ಚಿನಲ್ಲಿ ಮಾಮ ತೀರಿಕೊಂಡ. ಎದೆಯಲ್ಲಿ ಕಫ ಕಟ್ಟಿತ್ತು. ಡಾಕ್ಟರು ಎರಡು ಸಲ ಬಂದು ನೋಡಿದರು. ಕೊಲ್ಲಿ ತುಂಬ ಮಂಜುಗಡ್ಡೆ, ಟಿಬ್ಬೋಸ್ ಕೋವಿಗೆ ಒಯ್ಯುವ ಹಾಗಿರಲಿಲ್ಲ. ಪೋರ್ಟ್ ಹ್ಯಾರೋದ ಸ್ಮಶಾನದಲ್ಲೇ ಜಾಗ ಗೊತ್ತು ಮಾಡಿದರು. ಹೆಣ ಹೊರಲು ಆರು ಜನ ಬೇಕು. ಅಪ್ಪ ಗಾರ್ಲೆಂಡನನ್ನು ಕೇಳಲು ಹೋದ. ಅವನು ಆಗುವುದಿಲ್ಲ ಎಂದ.

ಮರುದಿನ ಬೆಳಿಗ್ಗೆ ಸ್ಮಶಾನದ ಕಡೆ ಹೋದವರು ಬಂದು ಹೇಳಿದರು, ಗುಂಡಿ ತೋಡುವವನನ್ನು ಗಾರ್ಲೆಂಡ್ ಮನೆಗೆ ಕಳಿಸಿ ತಾನೇ ತೋಡುತ್ತಿದ್ದಾನೆ ಎಂದು. ನೆಲ ಎರಡಡಿಯವರೆಗೆ ಹೆಪ್ಪುಗಟ್ಟಿತ್ತು. ಹಾರೆ ಹಾಕಿದರೆ ಕಿಡಿ ಬರುತ್ತಿತ್ತು. ನಾನು ಹೋದಾಗ ಅವನು ಎದೆಮಟ್ಟ ಇಳಿದಿದ್ದ. ಹತ್ತು ವರ್ಷದ ಮೇಲೆ ಅವನ ಬಾಯಿಂದ ಮಾಮನ ಬಗ್ಗೆ ನಾನು ಕೇಳಿದ ಮೊದಲ ಮಾತು ಅದೇ.

"ನನ್ನ ಸಿಟ್ಟು ಇಳಿದಿಲ್ಲ ಲೀಯಾ, ಇಳೀತು ಅಂತ ಯಾರಿಗೂ ಹೇಳ್ಬೇಡ," ಎಂದ ಹಾರೆಗೆ ಒರಗಿ. "ಆದ್ರೆ ಇವನು ನನ್ನ ಬಾಗಿಲಿಗೆ ಬಂದಿದ್ದ. ಆ ಪಾದ್ರಿಗಳು ಬರಲೇ ಇಲ್ಲ."

ಮಣ್ಣು ಮಾಡುವಾಗ ಅವನು ಬೇಲಿಯ ಆಚೆ ನಿಂತಿದ್ದ. ಎಲ್ಲ ಮುಗಿದ ಮೇಲೆ ಜನ ಡ್ರುಸಿಲ್ಲಾ ಅತ್ತೆಯ ಮನೆಗೆ ಹೋದರು, ಅವನೂ ಹಿಂದೆ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅತ್ತೆ ಏನೂ ಕೇಳದೆ ಒಂದು ಲೋಟ ಚಹಾ ಕೈಗೆ ಕೊಟ್ಟಳು. ಅವನು ನಿಂತೇ ಕುಡಿದು, ಲೋಟ ತೊಳೆದಿಟ್ಟು ಹೋದ.